ಪ್ರಸಾದ ಮತ್ತು ಹಸಾದ : ಒಂದು ಪದದ ಅರ್ಥವಿಚಾರ

ಪ್ರಾಚೀನ ಗ್ರಂಥಗಳನ್ನು ಓದುವವರಿಗೆ ಅಪರಿಚಿತವಾದ ಪದಗಳಿಗಿಂತ ಪರಿಚಿತವಾದ ಪದಗಳೇ ಹೆಚ್ಚು ತೊಡಕನ್ನುಂಟುಮಾಡುತ್ತವೆ. ಅಪರಿಚಿತವಾದುದು ಎದುರಾದಾಗ ಓದುಗನು ನಿಂತು ನಿಘಂಟನ್ನು ತೆರೆಯುತ್ತಾನೆ. ಪರಿಚಿತವಾದುದು ಎದುರಾದಾಗಲಾದರೋ ತನಗೆ ತಿಳಿದಿರುವ ಅರ್ಥವನ್ನೇ ಅಲ್ಲಿಟ್ಟುಕೊಂಡು ಮುಂದೆ ಸಾಗುತ್ತಾನೆ. 'ಪ್ರಸಾದ' ಎಂಬುದು ಇಂತಹ ಪದಗಳಲ್ಲೊಂದು. ದೇವಸ್ಥಾನದಲ್ಲಿ ಕೈಗೆ ಬೀಳುವ ಹೂವು, ತೀರ್ಥ, ಅನ್ನ ಎಂಬುದು ಸಾಮಾನ್ಯಜನರ ಅರ್ಥ. ದೈವವು ಕೆಲವರಿಗೆ ಮಾತ್ರ ಕರುಣಿಸುವ ಅಲೌಕಿಕವಾದ ವರ, ವಾಕ್ಸಿದ್ಧಿ, ರೋಗನಿವಾರಣಶಕ್ತಿ ಮುಂತಾದುವು ಎಂಬುದು ಇನ್ನು ಕೆಲವರ ಅರ್ಥ. ಈ ಎರಡು ಅರ್ಥಗಳನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಗೀತೆಯನ್ನಾಗಲಿ ವಚನಗಳನ್ನಾಗಲಿ ಪಾಠಹೇಳಿದರೆ ಎಷ್ಟೋ ಸ್ಥಳಗಳಲ್ಲಿ ಗ್ರಂಥದ ಆಶಯವೇ ತಪ್ಪಿಹೋಗುತ್ತದೆ.

ಇದು ಕೇವಲ ಶಬ್ದಶಾಸ್ತ್ರದ ವಿಷಯವಲ್ಲ. ದೇವರ ದಾನವೆಂಬುದು ಯಾರೋ ಕೆಲವರು ಹೊಂದಿರುವ ಸೊತ್ತಾದರೆ, ಉಳಿದವರಿಗೆ ಅವರ ಬಳಿ ಹೋಗಿ ಕೈಯೊಡ್ಡಿ ನಿಲ್ಲುವುದೊಂದೇ ಧರ್ಮವಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅವರು ಮಾಡುವ ಕೆಲಸಕ್ಕೂ ಅವರ ಭಕ್ತಿಗೂ ಸಂಬಂಧವೇ ಇಲ್ಲದೆ ಹೋಗುತ್ತದೆ. ಹಾಗಲ್ಲವೆಂದು ಈ ಪದದ ಚರಿತ್ರೆಯೇ ಸಾಕ್ಷಿ ನುಡಿಯುತ್ತದೆ. ಅದನ್ನು ಕ್ರಮವಾಗಿ ತೋರಿಸುವುದು ಈ ಲೇಖನದ ಉದ್ದೇಶ.

೧. ಧಾತುವಿನ ಅರ್ಥ

'ಪ್ರ' ಎಂಬ ಉಪಸರ್ಗಪೂರ್ವಕವಾದ 'ಸದ್' ಧಾತುವಿಗೆ ಭಾವಾರ್ಥದಲ್ಲಿ 'ಘಞ್' ಪ್ರತ್ಯಯ ಬಂದು 'ಪ್ರಸಾದ' ಎಂಬ ರೂಪ ಸಿದ್ಧಿಸುತ್ತದೆ. ಸದ್ ಧಾತುವಿಗೆ ಶಿಥಿಲವಾಗುವುದು, ಹೋಗುವುದು, ಕುಗ್ಗಿ ಕೆಳಗಿಳಿಯುವುದು ಎಂಬ ಮೂರು ಅರ್ಥಗಳನ್ನು ಧಾತುಪಾಠವು ಹೇಳುತ್ತದೆ. ಇದೇ ಧಾತುವಿನಿಂದ ವಿಷಾದ, ಅವಸಾದ, ಪರಿಷತ್, ಉಪನಿಷತ್ ಎಂಬ ಪದಗಳೂ ಹುಟ್ಟಿವೆ. ಕಠೋಪನಿಷತ್ತಿನ ಭಾಷ್ಯದ ಆರಂಭದಲ್ಲಿ ಶಂಕರಾಚಾರ್ಯರು ಉಪನಿಷತ್ ಎಂಬ ಪದವನ್ನು ಈ ಮೂರು ಅರ್ಥಗಳಿಂದಲೇ ನಿರ್ವಚಿಸಿರುವುದು ವಿದ್ವಾಂಸರಿಗೆ ತಿಳಿದೇ ಇದೆ.

ಕದಡಿದ ನೀರನ್ನು ಅಲುಗಿಸದೆ ಇಟ್ಟರೆ ಅದರಲ್ಲಿದ್ದ ಮಣ್ಣು ಮೆಲ್ಲಗೆ ಕೆಳಗಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಹೀಗೆ ಕೆಸರು ಇಳಿದು ತಿಳಿಯಾಗುವುದೇ ಪ್ರಸಾದದ ಮೂಲಾರ್ಥ. ಕನ್ನಡದ 'ತಿಳಿ' ಎಂಬ ಮಾತಿನಲ್ಲಿಯೂ ನಿರ್ಮಲತೆ, ಅರಿವು ಎಂಬ ಎರಡರ್ಥಗಳು ಕೂಡಿರುವುದನ್ನು ಇಲ್ಲಿ ನೆನೆಯಬಹುದು. ಅಲಂಕಾರಶಾಸ್ತ್ರದಲ್ಲಿ ಪ್ರಸಾದವೆಂಬ ಕಾವ್ಯಗುಣವೂ ಇದೇ ಅರ್ಥವನ್ನು ಹಿಡಿದುಬಂದಿದೆ. ಮಮ್ಮಟನು ಗುಣಗಳನ್ನು ಮಾಧುರ್ಯ, ಓಜಸ್ಸು, ಪ್ರಸಾದ ಎಂದು ಮೂರಕ್ಕೆ ಇಳಿಸಿ, ಒಣಗಿದ ಸೌದೆಯಲ್ಲಿ ಬೆಂಕಿಯಂತೆಯೂ ತಿಳಿನೀರಿನಂತೆಯೂ ಅರ್ಥವು ತಟ್ಟನೆ ಚಿತ್ತವನ್ನೆಲ್ಲ ವ್ಯಾಪಿಸುವುದು ಪ್ರಸಾದವೆಂದು ವಿವರಿಸಿದ್ದಾನೆ. ದಂಡಿಯನ್ನನುಸರಿಸಿ ಹತ್ತು ಗುಣಗಳನ್ನು ಹೇಳುವ ಕವಿರಾಜಮಾರ್ಗದಿಂದ ಕನ್ನಡ ಲಾಕ್ಷಣಿಕರಿಗೂ ಈ ಅರ್ಥ ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಪರಿಚಿತವಾಗಿತ್ತು.

ನೀರು ತಿಳಿಯಾಗುವ ಈ ದೃಷ್ಟಾಂತವನ್ನು ಧರ್ಮಶಾಸ್ತ್ರಕಾರರೂ ಬಳಸಿದ್ದಾರೆ. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ, ಆಶ್ರಮದ ಹೊರಚಿಹ್ನೆಗಳು ಧರ್ಮಕ್ಕೆ ಕಾರಣವಲ್ಲವೆಂದು ಹೇಳಿದ ಕೂಡಲೆ ಒಂದು ಉಪಮಾನ ಬರುತ್ತದೆ. ಕತಕವೃಕ್ಷದ ಫಲ, ಎಂದರೆ ನಮ್ಮ ಹಳ್ಳಿಗಳಲ್ಲಿ ಚಿಲ್ಲದ ಬೀಜವೆಂದು ಕರೆಯುವುದು, ನೀರನ್ನು ತಿಳಿಗೊಳಿಸುವುದು ನಿಜ; ಆದರೆ ಅದರ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಅಲ್ಲಿ 'ತಿಳಿಗೊಳಿಸು', 'ತಿಳಿಯಾಗು' ಎಂಬ ಎರಡು ಕ್ರಿಯೆಗಳಿಗೂ ಪ್ರಪೂರ್ವಕವಾದ ಸದ್ ಧಾತುವೇ ಪ್ರಯೋಗವಾಗಿದೆ. ಬೀಜವನ್ನು ಕಲ್ಲಿನ ಮೇಲೆ ತೇಯ್ದು ನೀರಿಗೆ ಬೆರೆಸುವ ಕೈಕೆಲಸ ನಡೆಯದೆ ಪ್ರಸಾದವಿಲ್ಲ. ನಮ್ಮ ವಿಚಾರಕ್ಕೆ ಈ ಉಪಮಾನವು ಬಹು ಉಪಯುಕ್ತವಾದುದು.

೨. ತಿಳಿ ಮತ್ತು ಕರುಣೆ

ಮನಸ್ಸು ತಿಳಿಯಾದವನು ಇತರರಲ್ಲಿ ಸುಮುಖನಾಗುತ್ತಾನೆ. ಸುಮುಖನಾದ ಪ್ರಭುವು ಕೊಡುತ್ತಾನೆ. ಕೊಟ್ಟ ವಸ್ತುವಿಗೂ ಕೊಟ್ಟವನ ಪ್ರಸನ್ನತೆಯ ಹೆಸರೇ ಬರುತ್ತದೆ. ಹೀಗೆ ತಿಳಿ, ಪ್ರಸನ್ನತೆ, ಅನುಗ್ರಹ, ಕೊಟ್ಟ ವಸ್ತು ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಈ ಪದದ ಅರ್ಥವು ಇಳಿದುಬಂದಿದೆ. ಇಂದಿನ ಜನಬಳಕೆಯಲ್ಲಿ ಉಳಿದಿರುವುದು ಬಹುಮಟ್ಟಿಗೆ ಕೊನೆಯ ಮೆಟ್ಟಿಲು.

ಮೊದಲ ಅರ್ಥಕ್ಕೂ ಮೂರನೆಯ ಅರ್ಥಕ್ಕೂ ನಡುವೆ ಇರುವ ಸಂಬಂಧವು ಎಷ್ಟು ಸೂಕ್ಷ್ಮವೆಂಬುದಕ್ಕೆ ಕಠೋಪನಿಷತ್ತಿನ ಒಂದು ಪಾಠಭೇದವೇ ನಿದರ್ಶನ. ಅಣುವಿಗಿಂತ ಅಣುವೂ ಮಹತ್ತಿಗಿಂತ ಮಹತ್ತೂ ಆದ ಆತ್ಮನ ಮಹಿಮೆಯನ್ನು ಕಾಮನೆಯಿಲ್ಲದವನು ಯಾವುದರಿಂದ ಕಾಣುತ್ತಾನೆ ಎಂಬಲ್ಲಿ, ಶಂಕರಾಚಾರ್ಯರು 'ಧಾತುಪ್ರಸಾದಾತ್' ಎಂಬ ಸಮಸ್ತಪದವನ್ನು ಗ್ರಹಿಸಿ, ಧಾತುಗಳೆಂದರೆ ಶರೀರವನ್ನು ಧರಿಸಿರುವ ಮನಸ್ಸು ಮೊದಲಾದ ಕರಣಗಳು, ಅವು ತಿಳಿಯಾಗುವುದರಿಂದ ಎಂದು ಅರ್ಥಹೇಳಿದ್ದಾರೆ. ಶ್ವೇತಾಶ್ವತರೋಪನಿಷತ್ತಿನಲ್ಲಿ ಇದೇ ಮಂತ್ರವು ಅಲ್ಪಭೇದದೊಡನೆ ಬರುವಾಗ 'ಧಾತುಃ ಪ್ರಸಾದಾತ್' ಎಂಬ ಪಾಠವಿದೆ. ಆಗ ಸೃಷ್ಟಿಕರ್ತನ ಅನುಗ್ರಹದಿಂದ ಎಂದು ಅರ್ಥವಾಗುತ್ತದೆ. ಎರಡು ಪಾಠಗಳ ನಡುವೆ ಇರುವುದು ಒಂದು ವಿಸರ್ಗ ಮಾತ್ರ. ವಿಸರ್ಗವಿಲ್ಲದಿದ್ದರೆ ಸಾಧಕನ ಸ್ವಂತ ಶುದ್ಧಿ. ಇದ್ದರೆ ಪರಮೇಶ್ವರನ ದಾನ. ಶುದ್ಧಿ ಮೊದಲೋ ಕರುಣೆ ಮೊದಲೋ ಎಂಬ ಮುಂದಿನ ಮತಾಚಾರ್ಯರ ದೊಡ್ಡ ಚರ್ಚೆಯೆಲ್ಲವೂ ಈ ಎರಡು ಬಿಂದುಗಳಲ್ಲಿ ಅಡಗಿಕೊಂಡಿದೆಯೆಂದರೂ ಸಲ್ಲುತ್ತದೆ.

ಭಗವದ್ಗೀತೆಯಲ್ಲಿ ಎರಡೂ ಅರ್ಥಗಳು ಒಂದೇ ಗ್ರಂಥದೊಳಗೆ ಸೇರಿವೆ. ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನ ಲಕ್ಷಣವನ್ನು ಹೇಳುವಾಗ, ರಾಗದ್ವೇಷಗಳನ್ನು ಬಿಟ್ಟು ವಿಷಯಗಳ ನಡುವೆಯೇ ಸಂಚರಿಸುವವನು ಪ್ರಸಾದವನ್ನು ಪಡೆಯುತ್ತಾನೆಂಬಲ್ಲಿ ಚಿತ್ತದ ತಿಳಿಯೇ ಅರ್ಥ. ಹದಿನೇಳನೆಯ ಅಧ್ಯಾಯದಲ್ಲಿ ಮನಃಪ್ರಸಾದವು ಮಾನಸತಪಸ್ಸಿನ ಮೊದಲ ಅಂಗವಾಗಿದೆ. ಹದಿನೆಂಟನೆಯ ಅಧ್ಯಾಯದಲ್ಲಾದರೋ ಭಗವಂತನ ಅನುಗ್ರಹವೆಂಬ ಅರ್ಥವು ಮತ್ತೆ ಮತ್ತೆ ಬರುತ್ತದೆ. ಗಮನಿಸಬೇಕಾದ ಮಾತು ಯಾವುದೆಂದರೆ, ಅದೇ ಅಧ್ಯಾಯದ ೪೬ನೆಯ ಶ್ಲೋಕದಲ್ಲಿ ಮನುಷ್ಯನು ತನ್ನ ಕರ್ಮದಿಂದಲೇ ಪರಮಾತ್ಮನನ್ನು ಅರ್ಚಿಸಿ ಸಿದ್ಧಿಯನ್ನು ಪಡೆಯುತ್ತಾನೆಂದು ಹೇಳಿರುವುದು. ಇಲ್ಲಿ ಹೂವು ಗಂಧಗಳ ಸ್ಥಾನವನ್ನು ಕರ್ಮವು ಪಡೆದಿದೆ. ಆಮೇಲೆ ೭೩ನೆಯ ಶ್ಲೋಕದಲ್ಲಿ ಅರ್ಜುನನು ಆಡುವ ಕೊನೆಯ ಮಾತಿನಲ್ಲಿ, ನಿನ್ನ ಪ್ರಸಾದದಿಂದ ಸ್ಮೃತಿಯನ್ನು ಪಡೆದೆನೆಂಬುದೂ ನಿನ್ನ ಮಾತನ್ನು ನಡೆಸುವೆನೆಂಬುದೂ ಒಂದೇ ಉಸುರಿನಲ್ಲಿ ಹೊರಡುತ್ತವೆ. ಪ್ರಸಾದವನ್ನು ಪಡೆದವನು ಯುದ್ಧಭೂಮಿಯನ್ನು ಬಿಟ್ಟು ಹೋಗಲಿಲ್ಲ. ಕೆಳಗಿಟ್ಟಿದ್ದ ಬಿಲ್ಲನ್ನು ಎತ್ತಿಕೊಂಡನು. ಅವನು ಬಿಟ್ಟುಹೋಗಬೇಕೆಂದಿದ್ದುದು ವಿಷಾದದಲ್ಲಿ. ವಿಷಾದ, ಪ್ರಸಾದ ಇವೆರಡೂ ಒಂದೇ ಧಾತುವಿನ ಮಕ್ಕಳೆಂಬುದನ್ನೂ ಗೀತೆಯು ಒಂದರಿಂದ ತೊಡಗಿ ಇನ್ನೊಂದರಲ್ಲಿ ಮುಗಿಯುವುದನ್ನೂ ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ತೋರಿಸಿಕೊಡಬಹುದು.

ಅನುಗ್ರಹವೆಂಬ ಅರ್ಥಕ್ಕೆ ಅತ್ಯಂತ ಪ್ರಾಧಾನ್ಯವನ್ನು ಕೊಟ್ಟ ಮಧ್ವಾಚಾರ್ಯರ ಮತದಲ್ಲಿಯೂ ಇದೇ ಕ್ರಮವು ಕಂಡುಬರುತ್ತದೆ. ಬ್ರಹ್ಮಸೂತ್ರಗಳ ಮೊದಲನೆಯ ಸೂತ್ರದ ಭಾಷ್ಯದಲ್ಲಿಯೇ ಅವರು, ನಾರಾಯಣನ ಪ್ರಸಾದವಿಲ್ಲದೆ ಮೋಕ್ಷವಿಲ್ಲ, ಜ್ಞಾನವಿಲ್ಲದೆ ಆ ಪರಮಪ್ರಸಾದವಿಲ್ಲ, ಆದಕಾರಣ ಬ್ರಹ್ಮಜಿಜ್ಞಾಸೆಯು ಕರ್ತವ್ಯವೆಂದು ಪ್ರತಿಪಾದಿಸಿದ್ದಾರೆ. ಪ್ರಸಾದವೇ ಸರ್ವಸ್ವವೆಂದ ಬಾಯಲ್ಲಿಯೇ ಕರ್ತವ್ಯವೆಂಬ ಮಾತೂ ಬಂದಿರುವುದು ಗಮನಾರ್ಹ.

೩. ಸಿದ್ಧಿಗೂ ಪ್ರಸಾದಕ್ಕೂ ಇರುವ ಅಂತರ

ಅಲೌಕಿಕಶಕ್ತಿಯೇ ಆಧ್ಯಾತ್ಮಿಕ ದಾನವೆಂಬ ಅಭಿಪ್ರಾಯಕ್ಕೆ ಯೋಗಶಾಸ್ತ್ರದಲ್ಲಿ ಆಧಾರವುಂಟೆಂದು ಕೆಲವರು ತಿಳಿದಿದ್ದಾರೆ. ಪತಂಜಲಿಯ ಯೋಗಸೂತ್ರಗಳ ಮೂರನೆಯ ಪಾದಕ್ಕೆ ವಿಭೂತಿಪಾದವೆಂದೇ ಹೆಸರು. ಅಣಿಮಾದಿಗಳೂ ಪರಚಿತ್ತಜ್ಞಾನವೂ ಅಲ್ಲಿ ವಿಸ್ತಾರವಾಗಿ ಹೇಳಲ್ಪಟ್ಟಿವೆ. ಆದರೆ ಅದೇ ಪಾದದಲ್ಲಿ ಸೂತ್ರಕಾರನು, ಇವು ವ್ಯುತ್ಥಾನದಲ್ಲಿರುವ ಚಿತ್ತಕ್ಕೆ ಸಿದ್ಧಿಗಳಾಗಿ ಕಾಣುವುವೇ ಹೊರತು ಸಮಾಧಿಗೆ ವಿಘ್ನಗಳೆಂದು ಸ್ಪಷ್ಟವಾಗಿ ನಿರ್ಣಯಿಸಿದ್ದಾನೆ. ನಾಲ್ಕನೆಯ ಪಾದದ ಆರಂಭದಲ್ಲಿ ಸಿದ್ಧಿಗಳು ಜನ್ಮ, ಔಷಧಿ, ಮಂತ್ರ, ತಪಸ್ಸು, ಸಮಾಧಿ ಎಂಬ ಐದು ಮೂಲಗಳಿಂದ ಬರುವುವೆಂದಿದೆ. ಒಂದು ಬೇರಿನ ರಸದಿಂದಲೂ ಹುಟ್ಟಬಹುದಾದ ವಸ್ತುವು ಸಾಧಕನ ಒಳಗಿನ ಹಿರಿಮೆಗೆ ಗುರುತಾಗಲಾರದಷ್ಟೆ.

ಪ್ರಸಾದದ ವಿಷಯವಾಗಿ ಅದೇ ಸೂತ್ರಕಾರನು ಹೇಳುವುದು ಬೇರೆ. ಮೊದಲನೆಯ ಪಾದದ ೩೩ನೆಯ ಸೂತ್ರದಲ್ಲಿ ಚಿತ್ತಪ್ರಸಾದನದ ಉಪಾಯ ಬರುತ್ತದೆ. ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಸಂತೋಷ, ಪಾಪಿಗಳಲ್ಲಿ ಉಪೇಕ್ಷೆ ಎಂಬ ನಾಲ್ಕು ಭಾವನೆಗಳೇ ಆ ಉಪಾಯ. ಈ ನಾಲ್ಕನ್ನು ಗುಹೆಯಲ್ಲಿ ಒಬ್ಬನೇ ಕುಳಿತು ಅಭ್ಯಾಸಮಾಡಿ ಮುಗಿಸುವುದು ಶಕ್ಯವಲ್ಲ. ಪಕ್ಕದ ಮನೆಯವನ ಬೆಳೆ ತನ್ನ ಬೆಳೆಗಿಂತ ಚೆನ್ನಾಗಿ ಬಂದಾಗ ಅಸೂಯೆ ಏಳದಿರುವುದು ಮೊದಲನೆಯದು. ಸಾಲಕ್ಕೆ ಸಿಕ್ಕಿ ನರಳುವವನನ್ನು ಕಂಡು ಮುಖ ತಿರುಗಿಸದಿರುವುದು ಎರಡನೆಯದು. ಇನ್ನೊಬ್ಬನ ಸತ್ಕಾರ್ಯಕ್ಕೆ ಹೆಸರು ಬಂದಾಗ ಹಿಗ್ಗುವುದು ಮೂರನೆಯದು. ಕೆಟ್ಟವನ ಕೇಡನ್ನು ಹಗಲಿರುಳೂ ಮೆಲುಕುಹಾಕಿ ತನ್ನ ಮನಸ್ಸನ್ನೂ ಕೆಡಿಸಿಕೊಳ್ಳದಿರುವುದು ನಾಲ್ಕನೆಯದು. ಹೀಗೆ ಯೋಗಶಾಸ್ತ್ರದಲ್ಲಿಯೂ ಪ್ರಸಾದವು ಹುಟ್ಟುವ ಸ್ಥಳ ನೆರೆಹೊರೆಯೇ ಆಗಿದೆ.

೪. ಕನ್ನಡದ ಹಸಾದ

ಸಂಸ್ಕೃತದ ಪ್ರಸಾದವು ಕನ್ನಡಕ್ಕೆ ಎರಡು ದಾರಿಗಳಿಂದ ಬಂದಿತು. ತತ್ಸಮವಾಗಿ ಅದೇ ರೂಪದಲ್ಲಿ ಬಂದುದು ಒಂದು. ರೇಫವನ್ನು ಕಳೆದುಕೊಂಡು 'ಪಸಾದ'ವಾಗಿ, ಪದಾದಿಯ ಪಕಾರವು ಹಕಾರವಾಗುವ ಮಾರ್ಪಾಟಿನಿಂದ 'ಹಸಾದ'ವಾಗಿ ಬಂದುದು ಇನ್ನೊಂದು. ಇಂತಹ ತದ್ಭವಗಳ ವಿಧಾನವನ್ನು ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ನಿರೂಪಿಸಿದ್ದಾನೆ.

ತತ್ಸಮರೂಪವು ಗುಡಿಯಲ್ಲಿಯೂ ಮಠದಲ್ಲಿಯೂ ನೆಲಸಿತು. ತದ್ಭವರೂಪವು ಅರಮನೆಯ ಓಲಗದಲ್ಲಿ, ಮನೆಯಲ್ಲಿ, ಹೊಲದಲ್ಲಿ ಸಂಚರಿಸಿತು. ಹಸಾದವೆಂಬುದನ್ನು ನಮ್ಮ ಪ್ರಾಚೀನಕಾವ್ಯಗಳ ಪಾತ್ರಗಳು ಯಾವಾಗ ಆಡುತ್ತವೆಯೆಂಬುದನ್ನು ವಿಚಾರಿಸಬೇಕು. ಒಡೆಯನು ಒಂದು ಬೆಸನವನ್ನು ಹೇಳುತ್ತಾನೆ. ಎಂದರೆ ಒಂದು ಕೆಲಸವನ್ನು ಆಜ್ಞಾಪಿಸುತ್ತಾನೆ. ಅದನ್ನು ಕೇಳಿದ ಆಳು ಕೈಮುಗಿದು ಹಸಾದವೆನ್ನುತ್ತಾನೆ. ಕೈಗೆ ಬಂದಿರುವುದು ಹಣವಲ್ಲ, ಊರಲ್ಲ, ಉಡುಗೊರೆಯಲ್ಲ. ಮಾಡಬೇಕಾದ ಒಂದು ಕೆಲಸ. ಆ ಕೆಲಸ ತನಗೆ ದೊರೆತುದೇ ಪ್ರಸಾದವೆಂಬುದು ಈ ಮಾತಿನ ಅಭಿಪ್ರಾಯ. ಇನ್ನೂ ಒಂದು ವಿಶೇಷವುಂಟು. ಹಸಾದವೆಂಬುದನ್ನು ಕೆಲಸವನ್ನು ಮುಗಿಸಿ ಬಂದು ಕೂಲಿ ಪಡೆಯುವಾಗ ಹೇಳುವುದಿಲ್ಲ. ಕೆಲಸವನ್ನು ಒಪ್ಪಿಕೊಳ್ಳುವಾಗ ಹೇಳುತ್ತಾರೆ. ಸಂಸ್ಕೃತದಲ್ಲಿ ಅರ್ಜುನನ ಕೊನೆಯ ಮಾತು ಒಂದು ವಾಕ್ಯದಲ್ಲಿ ತಿಳಿಸಿದುದನ್ನು ಕನ್ನಡವು ಮೂರಕ್ಷರಗಳ ಒಂದು ಪದದಲ್ಲಿ ಅಡಗಿಸಿಟ್ಟಿದೆ.

ಈ ಪದವು ಈಗ ಆಡುಮಾತಿನಲ್ಲಿ ಬಹುಮಟ್ಟಿಗೆ ಮರೆಯಾಗಿದೆ. ಪದದೊಡನೆ ಆ ಅರ್ಥವೂ ಮರೆಯಾಗಿ, ಪ್ರಸಾದವೆಂದರೆ ತೆಗೆದುಕೊಳ್ಳುವುದು ಮಾತ್ರವೆಂಬ ಭಾವನೆ ಉಳಿದಿದೆ. ಹನ್ನೆರಡನೆಯ ಶತಮಾನದ ಶಿವಶರಣರು ಪ್ರಸಾದತತ್ತ್ವವನ್ನು ಬೆಳೆಸಿದುದು ಹಸಾದವೆಂಬ ಮಾತು ಬಾಯಲ್ಲಿ ಜೀವಂತವಾಗಿದ್ದ ಕಾಲದಲ್ಲಿ ಎಂಬುದನ್ನು ನಾವು ಮರೆಯಬಾರದು.

೫. ಪದಾರ್ಥ ಮತ್ತು ಪ್ರಸಾದ

ವೀರಶೈವಶಾಸ್ತ್ರದಲ್ಲಿ ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಅಷ್ಟಾವರಣಗಳಲ್ಲಿ ಪ್ರಸಾದವು ಒಂದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಒಂದೇ ತತ್ತ್ವವು ಆಚರಣೆಯಲ್ಲಿಯೂ ಅನುಭವದ ಮೆಟ್ಟಿಲುಗಳಲ್ಲಿಯೂ ಸ್ಥಾನವನ್ನು ಪಡೆದಿರುವುದರಿಂದ ಅದರ ಮಹತ್ತ್ವ ವ್ಯಕ್ತವಾಗುತ್ತದೆ. ಸಂಸ್ಕೃತದಲ್ಲಿರುವ ಸಿದ್ಧಾಂತಶಿಖಾಮಣಿಯು ಪ್ರಸಾದಿಯೆಂದರೆ ಯಾರೆಂದು ಲಕ್ಷಣಹೇಳುವಾಗ ಮನಃಪ್ರಸಾದವನ್ನೇ ಕಾರಣವಾಗಿ ಕೊಡುತ್ತದೆ. ಎಂದರೆ ಧಾತುವಿನ ಮೂಲಾರ್ಥವು ಇಲ್ಲಿಯೂ ಅಳಿದಿಲ್ಲ.

ವಚನಕಾರರ ಪರಿಭಾಷೆಯಲ್ಲಿ ಅರ್ಪಿಸುವುದಕ್ಕೆ ಮುಂಚೆ ವಸ್ತುವು ಪದಾರ್ಥ. ಅರ್ಪಿಸಿದ ಮೇಲೆ ಅದೇ ವಸ್ತುವು ಪ್ರಸಾದ. ಗುರುವಿಗೆ ಅರ್ಪಿತವಾದುದು ಶುದ್ಧಪ್ರಸಾದ, ಲಿಂಗಕ್ಕೆ ಅರ್ಪಿತವಾದುದು ಸಿದ್ಧಪ್ರಸಾದ, ಜಂಗಮಕ್ಕೆ ಅರ್ಪಿತವಾದುದು ಪ್ರಸಿದ್ಧಪ್ರಸಾದ. ಚೆನ್ನಬಸವಣ್ಣನು ಇವುಗಳನ್ನು ಇನ್ನೂ ವಿಂಗಡಿಸಿ ಏಕಾದಶಪ್ರಸಾದಗಳನ್ನು ನಿರೂಪಿಸಿದ್ದಾನೆ. ಆ ಸೂಕ್ಷ್ಮಭೇದಗಳನ್ನು ಇಲ್ಲಿ ವಿಸ್ತರಿಸುವ ಅವಶ್ಯಕತೆಯಿಲ್ಲ. ನಮಗೆ ಬೇಕಾದುದು ಇಷ್ಟು: ಪದಾರ್ಥವು ಪ್ರಸಾದವಾದಾಗ ಅನ್ನದ ಅಳತೆಯಾಗಲಿ ರುಚಿಯಾಗಲಿ ಬದಲಾಗುವುದಿಲ್ಲ. ಬದಲಾಗುವುದು ಅದರ ಒಡೆತನ. ನನ್ನದೆಂದಿದ್ದುದು ಆತನದಾಗಿ, ಆತನದಾದುದು ನನಗೆ ಕೊಡಲ್ಪಟ್ಟುದಾಗಿ ಮರಳಿ ಬರುತ್ತದೆ. ನನ್ನದೆಂಬ ಕೆಸರು ಕೆಳಗಿಳಿದ ಮೇಲೆ ಉಳಿದ ತಿಳಿಯೇ ಪ್ರಸಾದ.

ಹೀಗೆ ಹೇಳಿದ ಕೂಡಲೆ ಒಂದು ಪ್ರಶ್ನೆ ಏಳುತ್ತದೆ. ಯಾವ ವಸ್ತುವನ್ನು ಬೇಕಾದರೂ ತಂದು ಅರ್ಪಿಸಿದರೆ ಅದು ಪ್ರಸಾದವಾಗುವುದೆ? ಕಸಿದುಕೊಂಡುದು, ಮೋಸದಿಂದ ಗಳಿಸಿದುದು, ಆಸೆಯಿಂದ ಹೆಚ್ಚಾಗಿ ಬಾಚಿಕೊಂಡುದು ಲಿಂಗದ ಮುಂದೆ ಇಟ್ಟ ಮಾತ್ರಕ್ಕೆ ಶುದ್ಧವಾದೀತೆ? ಆಗದು ಎಂಬುದು ಶರಣರ ನಿರ್ಣಯ. ಪದಾರ್ಥವು ಕಾಯಕದಿಂದ ಬಂದುದಾಗಿರಬೇಕು. ಅರ್ಪಣೆಯು ದಾಸೋಹದಲ್ಲಿ ಮುಗಿಯಬೇಕು. ಕಾಯಕ, ಪ್ರಸಾದ, ದಾಸೋಹ ಇವು ಬೇರೆ ಬೇರೆಯಾದ ಮೂರು ಉಪದೇಶಗಳಲ್ಲ. ಒಂದೇ ಚಕ್ರದ ಮೂರು ಭಾಗಗಳು. ನಮ್ಮ ಪಾಠಪುಸ್ತಕಗಳಲ್ಲಿ ಕಾಯಕವನ್ನು ಶ್ರಮಗೌರವವೆಂಬ ತಲೆಬರೆಹದ ಕೆಳಗೂ ಪ್ರಸಾದವನ್ನು ಮತಾಚಾರವೆಂಬ ತಲೆಬರೆಹದ ಕೆಳಗೂ ಇಡುವುದರಿಂದ ಈ ಚಕ್ರವು ಮುರಿದುಹೋಗುತ್ತದೆ.

೬. ಮರಳಿಸಿದ ಅಕ್ಕಿ

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ಕನ್ನಡಿಗರೆಲ್ಲರಿಗೂ ತಿಳಿದುದು. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಅವರು ಕಲ್ಯಾಣಕ್ಕೆ ಬಂದರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಬೇಯಿಸಿ ಜಂಗಮದಾಸೋಹವನ್ನು ನಡೆಸುವುದು ಇಬ್ಬರ ವ್ರತ. ಒಂದು ದಿನ ಮಾರಯ್ಯನು ಅಲ್ಲಮಪ್ರಭುವಿನೊಡನೆ ಅನುಭಾವದ ಮಾತಿನಲ್ಲಿ ತೊಡಗಿ ಹೊತ್ತು ಹೋದುದನ್ನು ಅರಿಯಲಿಲ್ಲ. ಕಾಯಕವು ನಿಂತುಹೋದುದನ್ನು ಹೆಂಡತಿಯೇ ನೆನಪಿಗೆ ತಂದಳು. ಅವನು ಅವಸರದಿಂದ ಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು, ಹೆಚ್ಚಾದುದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು.

ತರಗತಿಗಳಲ್ಲಿ ಈ ಕಥೆಯನ್ನು ಅಲ್ಪತೃಪ್ತಿಗೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಸಾಲದು. ಅಲ್ಪತೃಪ್ತಿಯೇ ಕಾರಣವಾಗಿದ್ದರೆ ಹೆಚ್ಚಾದ ಅಕ್ಕಿಯನ್ನು ಇನ್ನೂ ನಾಲ್ಕು ಮಂದಿ ಜಂಗಮರಿಗೆ ಬಡಿಸಬಹುದಾಗಿತ್ತು, ಬಡವರಿಗೆ ಹಂಚಬಹುದಾಗಿತ್ತು. ಲಕ್ಕಮ್ಮನು ಹಾಗೆ ಮಾಡಲಿಲ್ಲ. ಏಕೆಂದರೆ ಆ ಅಕ್ಕಿಯು ಕಾಯಕದ ಅಳತೆಯನ್ನು ಮೀರಿದುದು. ಆಸೆಯ ಕೈ ಸೋಂಕಿದುದು. ಅದು ಅರ್ಪಿತಕ್ಕೆ ಯೋಗ್ಯವಾದ ಪದಾರ್ಥವಲ್ಲ, ಪದಾರ್ಥವಲ್ಲದುದು ಪ್ರಸಾದವಾಗಲಾರದು, ಪ್ರಸಾದವಾಗದುದನ್ನು ಬಡಿಸಿದರೆ ಅದು ದಾಸೋಹವಲ್ಲ, ಕೇವಲ ಊಟ. ಹೀಗೆ ಅವಳ ನಿರಾಕರಣೆಯು ಗೃಹಿಣಿಯೊಬ್ಬಳ ಮಿತವ್ಯಯವಲ್ಲದೆ ಪ್ರಸಾದಶಾಸ್ತ್ರದ ಒಂದು ತೀರ್ಪಾಗಿದೆ. ಆ ತೀರ್ಪನ್ನು ಕೊಟ್ಟುದು ಪೀಠದ ಮೇಲಲ್ಲ, ಒಲೆಯ ಮುಂದೆ. ಅವಳು ಗಂಡನನ್ನು ಎಬ್ಬಿಸಿ ಕಳುಹಿಸಿದುದು ಯಾವ ಸಭೆಯಿಂದ ಎಂಬುದನ್ನೂ ನೋಡಬೇಕು. ಪ್ರಭುದೇವನ ಸಮ್ಮುಖದಲ್ಲಿ ನಡೆಯುತ್ತಿದ್ದ ಅನುಭಾವವೇ ಆದರೂ ಅದು ಆ ದಿನದ ಕೆಲಸಕ್ಕೆ ಬದಲಾಗಲಾರದೆಂಬುದು ಅವಳ ಮತ.

ಕಥೆಯ ಉತ್ತರಾರ್ಧದಲ್ಲಿ ಪವಾಡವೊಂದು ಬರುತ್ತದೆ. ಅಷ್ಟೇ ಅಕ್ಕಿಯಿಂದ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಯಿತೆಂದು ಸಂಪ್ರದಾಯವು ಹೇಳುತ್ತದೆ. ಪವಾಡವನ್ನು ನಂಬುವವರೂ ನಂಬದವರೂ ಒಂದು ಮಾತನ್ನು ಒಪ್ಪಬಹುದು: ಪವಾಡವು ನಡೆದುದು ಹೆಚ್ಚಾಗಿ ತಂದ ಅಕ್ಕಿಯಿಂದಲ್ಲ, ಹೆಚ್ಚಿನದನ್ನು ಮರಳಿಸಿದ ಮೇಲೆ ಉಳಿದ ಅಕ್ಕಿಯಿಂದ. ಕಥೆಗಾರನು ಘಟನೆಗಳನ್ನು ಈ ಕ್ರಮದಲ್ಲಿಟ್ಟಿರುವುದು ಸುಮ್ಮನೆ ಅಲ್ಲ.

ನುಲಿಯ ಚಂದಯ್ಯನ ಕಥೆಯು ಇನ್ನೂ ಕಠಿಣವಾದುದು. ಹಗ್ಗ ಹೊಸೆಯುವುದಕ್ಕಾಗಿ ಹುಲ್ಲನ್ನು ಕೊಯ್ಯುತ್ತಿದ್ದಾಗ ಅವನ ಇಷ್ಟಲಿಂಗವು ಕಳಚಿ ಬಿದ್ದಿತು. ಅವನು ಅದನ್ನು ಎತ್ತಿಕೊಳ್ಳದೆ ಕಾಯಕವನ್ನು ಮುಂದುವರಿಸಿದನು. ಲಿಂಗವೇ ಅವನ ಹಿಂದೆ ಬಂದಿತು. ಮಡಿವಾಳ ಮಾಚಯ್ಯನು ನಡುವೆ ಬಂದು ಸಂಧಿಯನ್ನುಂಟುಮಾಡಬೇಕಾಯಿತು. ಇಲ್ಲಿ ಚಂದಯ್ಯನು ಲಿಂಗವನ್ನು ತಿರಸ್ಕರಿಸಿದನೆಂದು ತಿಳಿದರೆ ತಪ್ಪಾಗುತ್ತದೆ. ಜಂಗಮದಾಸೋಹಕ್ಕಾಗಿ ನಡೆಯುವ ಕಾಯಕವನ್ನು ಲಿಂಗಪೂಜೆಯ ಹೆಸರಿನಲ್ಲಿಯೂ ನಿಲ್ಲಿಸಕೂಡದೆಂಬುದು ಅವನ ಹಟ. ಹಸಾದವೆಂದು ಒಮ್ಮೆ ಒಪ್ಪಿಕೊಂಡ ಬೆಸನವನ್ನು ಬೆಸನ ಹೇಳಿದ ಒಡೆಯನು ಎದುರಿಗೆ ಬಂದರೂ ಕೆಳಗಿಡದ ಆಳಿನ ನಿಷ್ಠೆ ಅದು.

೭. ವಜ್ರಕಾಯ ಮತ್ತು ಪ್ರಸಾದಕಾಯ

ಸಿದ್ಧಿಯನ್ನೂ ಪ್ರಸಾದವನ್ನೂ ಎದುರುಬದುರಾಗಿ ನಿಲ್ಲಿಸಿ ತೋರಿಸುವ ಸಂದರ್ಭವು ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಯಲ್ಲಿಯೂ ಬರುವ ಗೋರಕ್ಷನ ಪ್ರಸಂಗ. ಗೋರಕ್ಷನು ಯೋಗಸಾಧನೆಯಿಂದ ದೇಹವನ್ನು ವಜ್ರದಂತೆ ಗಟ್ಟಿಮಾಡಿಕೊಂಡವನು. ಅವನ ಮೈಮೇಲೆ ಕತ್ತಿಯಿಂದ ಹೊಡೆದರೆ ಕತ್ತಿಯು ಖಣಿಲೆಂದಿತೇ ಹೊರತು ಮೈಗೆ ಗಾಯವಾಗಲಿಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದಾಗ ಬಯಲಿನಲ್ಲಿ ಬೀಸಿದಂತೆ ಅದು ತಡೆಯಿಲ್ಲದೆ ಸುಳಿದುಹೋಯಿತು. ಗೋರಕ್ಷನು ಸೋಲನ್ನೊಪ್ಪಿ ಶರಣಾದನು.

ಇದನ್ನು ಎರಡು ಪವಾಡಗಳ ಸ್ಪರ್ಧೆಯೆಂದು ಓದಿದರೆ, ಅಲ್ಲಮನು ಇನ್ನೂ ದೊಡ್ಡ ಸಿದ್ಧನೆಂಬಷ್ಟೇ ಫಲಿತಾರ್ಥವಾಗುತ್ತದೆ. ಪ್ರಸಾದದ ಮೂಲಾರ್ಥದಿಂದ ನೋಡಿದರೆ ಬೇರೊಂದು ಅರ್ಥವು ಹೊಳೆಯುತ್ತದೆಂದು ನಮ್ಮ ಅಭಿಪ್ರಾಯ. ಸಿದ್ಧಿಯು ದೇಹಕ್ಕೆ ಕೂಡಿಸಿಕೊಂಡುದು. ಕೂಡಿಸಿಕೊಂಡಷ್ಟೂ ಮೈ ಗಟ್ಟಿಯಾಗುತ್ತದೆ, ತಾಗಿದುದಕ್ಕೆ ಸದ್ದುಮಾಡುತ್ತದೆ. ಪ್ರಸಾದವು ಕಳೆದುಕೊಂಡ ಮೇಲೆ ಉಳಿದುದು. ಕಳೆದಷ್ಟೂ ತಿಳಿಯಾಗುತ್ತದೆ, ಹೊಡೆತಕ್ಕೆ ಎದುರಾಗಿ ನಿಲ್ಲುವ ನಾನೆಂಬುದೇ ಅಲ್ಲಿರುವುದಿಲ್ಲ. ಶರಣನ ದೇಹವನ್ನು ಪ್ರಸಾದಕಾಯವೆಂದು ಕರೆಯುವ ಪರಿಭಾಷೆಯು ಈ ವಜ್ರಕಾಯಕ್ಕೆ ಉತ್ತರದಂತಿದೆ. ನೆಲ ಗುಡಿಸಿ ಅಕ್ಕಿ ಆಯುವ ಮಾರಯ್ಯನ ದೇಹವೂ ಹುಲ್ಲು ಕೊಯ್ಯುವ ಚಂದಯ್ಯನ ದೇಹವೂ ಅಂತಹವೇ. ಅವುಗಳಿಗೆ ವಜ್ರದ ಕಾಠಿಣ್ಯ ಬೇಕಾಗಿರಲಿಲ್ಲ.

೮. ಕೆಲವು ಆಕ್ಷೇಪಗಳು

ಇಲ್ಲಿಗೆ ಮೂರು ಆಕ್ಷೇಪಗಳು ಬರಬಹುದು. ಅವನ್ನು ಸಂಕ್ಷೇಪವಾಗಿ ವಿಚಾರಿಸೋಣ.

ಪ್ರಸಾದವು ಕಾಯಕವನ್ನು ಅವಲಂಬಿಸಿದೆಯೆಂದರೆ ಅದು ಕೂಲಿಯಾಯಿತಲ್ಲದೆ ಅನುಗ್ರಹ ಹೇಗಾದೀತು ಎಂಬುದು ಮೊದಲನೆಯ ಆಕ್ಷೇಪ. ಕೂಲಿಯು ಕೆಲಸದ ಅನಂತರ ಬರುತ್ತದೆ. ಹಸಾದವೆಂಬ ಮಾತು ಕೆಲಸಕ್ಕೆ ಮೊದಲೇ ಬರುತ್ತದೆ. ಕೆಲಸಮಾಡುವ ದೇಹ, ಅದನ್ನು ನಡೆಸುವ ಪ್ರಾಣ, ಅಂಗಳದಲ್ಲಿ ಬಿದ್ದ ಅಕ್ಕಿ, ಗುರುವು ಕರುಣಿಸಿದ ಲಿಂಗ ಇವುಗಳಲ್ಲಿ ಒಂದನ್ನೂ ಮಾರಯ್ಯನು ದುಡಿದು ಗಳಿಸಿದುದಿಲ್ಲ. ದಾನವು ಮುಂದಾಗಿಯೇ ಬಂದಿದೆ. ಕಾಯಕವು ಅದಕ್ಕೆ ಕೊಡುವ ಬೆಲೆಯಲ್ಲ, ಅದನ್ನು ಒಪ್ಪಿಕೊಂಡುದರ ಗುರುತು. ಚಿಲ್ಲದ ಬೀಜವನ್ನು ತೇಯುವವನು ನೀರನ್ನು ಸೃಷ್ಟಿಸುವುದಿಲ್ಲ. ನೀರು ಮೊದಲೇ ಅಲ್ಲಿದೆ. ಆದರೂ ತೇಯದೆ ತಿಳಿಯಾಗದು.

ಗೀತೆಯ ಸ್ವಕರ್ಮವು ವರ್ಣಕ್ಕೆ ಕಟ್ಟುಬಿದ್ದುದು, ಶರಣರ ಕಾಯಕವು ಆ ಕಟ್ಟನ್ನು ಹರಿದುದು. ಇವೆರಡನ್ನೂ ಒಂದೇ ಸಾಲಿನಲ್ಲಿಟ್ಟುದು ಸರಿಯೆ ಎಂಬುದು ಎರಡನೆಯದು. ಈ ಭೇದವು ನಿಜವಾದುದು, ಅದನ್ನು ಮುಚ್ಚಿಡಬೇಕಾಗಿಲ್ಲ. ಸ್ವಭಾವಜನ್ಯವಾದ ಕರ್ಮಗಳನ್ನು ನಾಲ್ಕು ವರ್ಣಗಳಿಗೆ ಹಂಚಿಕೊಟ್ಟ ಮೇಲೆಯೇ ಗೀತೆಯು ಸ್ವಕರ್ಮಾರ್ಚನೆಯನ್ನು ಹೇಳುತ್ತದೆ. ಕಲ್ಯಾಣದಲ್ಲಾದರೋ ಹಗ್ಗ ಹೊಸೆಯುವವನೂ ಮಡಿವಾಳನೂ ಅಕ್ಕಿ ಆಯುವವನ ಹೆಂಡತಿಯೂ ತತ್ತ್ವನಿರ್ಣಯವನ್ನು ಮಾಡುತ್ತಾರೆ, ಕೆಲಸಗಳಲ್ಲಿ ಮೇಲುಕೀಳಿಲ್ಲ. ಕೆಲಸದಿಂದಲೇ ಅರ್ಚನೆಯೆಂಬ ಒಂದಂಶದಲ್ಲಿ ಮಾತ್ರ ಎರಡಕ್ಕೂ ಸಾಮ್ಯವನ್ನು ಹೇಳಿದ್ದೇವೆ. ಯಾರ ಕೆಲಸ, ಅದಕ್ಕೆ ಎಷ್ಟು ಗೌರವ ಎಂಬ ಅಂಶದಲ್ಲಿ ವಚನಕಾರರು ಗೀತೆಯನ್ನು ಬಹುದೂರ ದಾಟಿಹೋಗಿದ್ದಾರೆ.

ಹರಿದಾಸರು ಮಧುಕರವೃತ್ತಿಯನ್ನು ಕೈಕೊಂಡು ಮನೆಮನೆಯಲ್ಲಿ ಧಾನ್ಯವನ್ನು ಬೇಡಿದರು. ಅವರಲ್ಲಿ ಕಾಯಕವೆಲ್ಲಿ, ಆದುದರಿಂದ ಈ ಅರ್ಥವು ಕರ್ಣಾಟಕದ ಭಕ್ತಿಗೆಲ್ಲ ಹೇಗೆ ಹೊಂದೀತು ಎಂಬುದು ಮೂರನೆಯದು. ೧೫೬೪ರಲ್ಲಿ ಕಾಲವಾದ ಪುರಂದರದಾಸರು ದಾಸರಾಗುವುದಕ್ಕೆ ಮೊದಲು ದೊಡ್ಡ ವ್ಯಾಪಾರಿಗಳಾಗಿದ್ದರೆಂದು ಸಂಪ್ರದಾಯವು ಹೇಳುತ್ತದೆ. ಅವರು ಕೂಡಿಟ್ಟುದನ್ನು ಬಿಟ್ಟು, ದುಂಬಿಯು ಹೂವಿಗೆ ನೋವಾಗದಂತೆ ಜೇನನ್ನು ಕೊಳ್ಳುವ ರೀತಿಯಲ್ಲಿ ಅಂದಂದಿನ ಅಗತ್ಯದಷ್ಟನ್ನೇ ಪಡೆದರು. ಬೀದಿಬೀದಿಗಳಲ್ಲಿ ಹಾಡಿ ಜನರಿಗೆ ನೀತಿಯನ್ನು ಕಲಿಸಿದುದೇ ಅವರು ಹೊತ್ತ ಬೆಸನ. ದಾರಿ ಬೇರೆಯಾದರೂ ನಾಳೆಗೆಂದು ಕೂಡಿಟ್ಟುದು ಪ್ರಸಾದವಲ್ಲವೆಂಬಲ್ಲಿ ಲಕ್ಕಮ್ಮನಿಗೂ ದಾಸರಿಗೂ ಭೇದವಿಲ್ಲ.

೯. ಉಪಸಂಹಾರ

ಇದುವರೆಗೆ ಹೇಳಿದುದರಿಂದ ಸಿದ್ಧವಾಗುವುದಿಷ್ಟು. ಪ್ರಸಾದವೆಂದರೆ ಮೊದಲಿಗೆ ತಿಳಿಯಾಗುವುದು. ಆ ತಿಳಿಯಲ್ಲಿ ಅನುಗ್ರಹವು ಕಾಣಿಸಿಕೊಳ್ಳುತ್ತದೆ. ಆ ಅನುಗ್ರಹವು ಮನುಷ್ಯನಿಗೆ ಒಂದು ಕೆಲಸದ ರೂಪದಲ್ಲಿ ಒದಗುತ್ತದೆ. ಹಸಾದವೆಂದು ಅದನ್ನು ಒಪ್ಪಿಕೊಂಡು ನಡೆಸಿದಾಗ ಪ್ರಸಾದವು ಪೂರ್ಣವಾಗುತ್ತದೆ. ಇದರಲ್ಲಿ ಯಾರಿಗೂ ಮೀಸಲಾದ ಶಕ್ತಿಯಿಲ್ಲ. ಯಾರನ್ನೂ ಹೊರಗಿಡುವ ಬಾಗಿಲೂ ಇಲ್ಲ. ಸಿದ್ಧಿಯುಳ್ಳವರು ಎಲ್ಲ ಕಾಲದಲ್ಲಿಯೂ ವಿರಳ. ಅಂಗಳ ಗುಡಿಸುವವರು, ತಕ್ಕಡಿ ಹಿಡಿಯುವವರು, ರೋಗಿಯ ಹಾಸಿಗೆಯ ಬಳಿ ಎಚ್ಚರವಾಗಿರುವವರು, ಮಕ್ಕಳಿಗೆ ಅಕ್ಷರ ಕಲಿಸುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ತಕ್ಕಡಿ ಹಿಡಿದವನು ತನ್ನ ಕಡೆಗೆ ಬಂದ ಹೆಚ್ಚಿನ ಹಿಡಿಯನ್ನು ಮರಳಿಸಿದ ದಿನ ಅವನ ಮನೆಯ ಅನ್ನವು ಪ್ರಸಾದವಾಗುತ್ತದೆಂಬುದೇ ಶರಣರ ಶಾಸ್ತ್ರ.

ಸಾಹಿತ್ಯದ ಉಪಾಧ್ಯಾಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ವಚನಗಳಲ್ಲಿಯೂ ಕೀರ್ತನೆಗಳಲ್ಲಿಯೂ ಪ್ರಸಾದವೆಂಬ ಪದವು ಬಂದಾಗ ಕ್ಷಣಕಾಲ ನಿಂತು, ಅಲ್ಲಿ ತಿಳಿಯೆಂಬ ಅರ್ಥವೋ, ಕರುಣೆಯೋ, ಅರ್ಪಿತವಾದ ಅನ್ನವೋ ಎಂಬುದನ್ನು ವಿದ್ಯಾರ್ಥಿಗಳಿಂದಲೇ ಕೇಳಿ ಹೇಳಿಸಬೇಕು. ಹಳಗನ್ನಡ ನಡುಗನ್ನಡ ಕಾವ್ಯಗಳಲ್ಲಿ ಹಸಾದವೆಂಬುದು ಬಂದಾಗ 'ಅಪ್ಪಣೆ' ಎಂದು ಟಿಪ್ಪಣಿ ಬರೆದು ಮುಂದೆ ಸಾಗದೆ, ಅದು ಪ್ರಸಾದದ ತದ್ಭವವೆಂಬುದನ್ನೂ ಆ ಆಳು ಆಗ ಏನನ್ನು ಪಡೆದೆನೆಂದು ತಿಳಿದು ಕೈಮುಗಿಯುತ್ತಿದ್ದಾನೆಂಬುದನ್ನೂ ವಿವರಿಸಬೇಕು. ಒಂದು ಪದದ ಎರಡು ರೂಪಗಳನ್ನು ಹೀಗೆ ಜೊತೆಗಿಟ್ಟು ಓದಿದರೆ, ನಮ್ಮ ಪೂರ್ವಿಕರು ದೇವರಿಂದ ಪಡೆದುದನ್ನೂ ದೇವರಿಗಾಗಿ ಮಾಡಿದುದನ್ನೂ ಒಂದೇ ಹೆಸರಿನಿಂದ ಕರೆದರೆಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ಗೋಚರವಾಗುತ್ತದೆ.